ಬೋರ್ಡು ನೆಟ್ಟು ಕೈ ತೊಳ್ಕೊಂಡ್ರೆ ಆಯ್ತಾ?

ಬೇಸಿಗೆ ರಜ ಬಂತು ಅಂದ್ರೆ ನಮ್ಮ ಕಡೆ ಮನೆಮನೆಗೂ ನೆಂಟರು. ನಂಜನಗೂಡಿಗೆ ಬಂದೋರು ಶ್ರೀಕಂಠೇಶ್ವರನ ದರ್ಶನ ಮುಗಿಸಿ ಸುಮ್ನೆ ಕೂರ್ತಾರಾ? ಹೊಳೆಗೆ ಹೋಗನ, ತಲಕಾಡಿಗೆ ಹೋಗನ, ಕಬಿನಿ ಡ್ಯಾಮ್ ಕಡೆ ಟೆಂಟ್ ಹಾಕನ ಅಂತ ಶುರು ಮಾಡ್ತಾರೆ. ಹೋಗ್ಲಿ, ಬ್ಯಾಡ ಅನ್ನೋಳಲ್ಲ ನಾನು. ಆದ್ರೆ ಬೇಸಿಗೆ ಮುಗಿಯೋದ್ರೊಳಗೆ ಪೇಪರಲ್ಲಿ ಆ ಸುದ್ದಿ ಬಂದೇ ಬತ್ತದೆ. ಈಜಲು ಹೋದ ಹುಡುಗರು ನೀರುಪಾಲು. ಅದನ್ನ ಓದಿದೋರು ಹೇಳೋ ಮಾತೂ ಪ್ರತಿ ವರ್ಷ ಒಂದೇ: "ಅಪಾಯ ಅಂತ ಬೋರ್ಡ್ ಹಾಕಿತ್ತು ಕಣ್ರೀ, ಕಣ್ಣು ಕಾಣ್ಲಿಲ್ವಾ ಅವರಿಗೆ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು ತಗಡಿನ ಬೋರ್ಡು ಯಾರ ಕೈಯನ್ನೂ ಹಿಡ್ಕೊಳಲ್ಲ. ಜನ ಬರೋ ಜಾಗ ಅಂತ ಗೊತ್ತಿದ್ದೂ ಬರೀ ಬೋರ್ಡು ನೆಟ್ಟು ಹೋಗೋದು, ಮಕ್ಕಳಿರೋ ಮನೇಲಿ ಬಾವಿಗೆ ಕಟ್ಟೆ ಕಟ್ಟದೆ "ಬಾವಿ ಅದೆ ಹುಷಾರು" ಅಂತ ಚೀಟಿ ಅಂಟಿಸಿದಂಗೆ.

ತಲಕಾಡನ್ನೇ ನೋಡಿ. ತಿ. ನರಸೀಪುರ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಗಂಗರ ರಾಜಧಾನಿ. ಆಮೇಲೆ ಚೋಳರ ಪಾಲಾಗಿ, ಅವರಿಂದ ಇದನ್ನ ಗೆದ್ದ ಹೊಯ್ಸಳ ವಿಷ್ಣುವರ್ಧನ 'ತಲಕಾಡುಗೊಂಡ' ಅನ್ನಿಸ್ಕೊಂಡ. ಈಗ ಜನ ಹೋಗೋದು ಮರಳು ನೋಡೋಕೆ. ಸುತ್ತ ಹಸಿರು ಗದ್ದೆ, ನಡುವೆ ರಾಜಸ್ಥಾನದ ಹಂಗೆ ಮರಳಿನ ದಿಬ್ಬ, ಪಕ್ಕದಲ್ಲೇ ಕಾವೇರಿ. ನಮ್ಮ ಅತ್ತೆ ಇದನ್ನ ಅಲಮೇಲಮ್ಮನ ಶಾಪ ಅಂತಿದ್ರು. ಭೂವಿಜ್ಞಾನ ಓದಿದೋರು ಹೇಳೋದು ಬೇರೆ. ವಿಜಯನಗರದ ಕಾಲದಲ್ಲಿ ಇಲ್ಲಿಗೆ ಹತ್ತಿರದಲ್ಲೇ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ಹೊಳೆಯ ಹರಿವು ತಗ್ಗಿ, ತಳದ ಮರಳು ಬಯಲಾಗಿ, ನೈಋತ್ಯ ಗಾಳಿಗೆ ಊರ ಮೇಲೆ ಬಂದು ಬಿತ್ತಂತೆ. ಶಾಪಾನೋ ಕಟ್ಟೇನೋ, ಒಂದು ಮಾತು ನಿಜ. ಹೊಳೆಗೆ ಅಡ್ಡಲಾಗಿ ನಾವೊಂದು ಗೋಡೆ ಕಟ್ಟಿದ ಮೇಲೆ ಹೊಳೆ ನಾವಂದುಕೊಂಡ ಹಂಗೇ ಇರ್ತದೆ ಅನ್ನೋ ಹಂಗಿಲ್ಲ.

ಬೆಂಗಳೂರಿಂದ ಬಂದ ಹುಡುಗರಿಗೆ ಇದು ಹೆಂಗೆ ಗೊತ್ತಾಯ್ತದೆ? ಅವರ ಕಣ್ಣಿಗೆ ಕಾಣೋದು ಮೊಣಕಾಲುದ್ದ ತಿಳಿನೀರು, ಕಾಲಿಗೆ ಮೆತ್ತನೆ ಮರಳು. ಆ ನೀರಿನ ಬೀಗದಕೈ ಇರೋದು ಎಲ್ಲೋ ದೂರದಲ್ಲಿ, ಅದೂ ಎರಡು ಕಡೆ. ಒಂದು ಕಾವೇರಿಯ ಕೆ.ಆರ್.ಎಸ್., ಇನ್ನೊಂದು ನಮ್ಮ ಕಪಿಲೆಗೆ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಕಟ್ಟಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು. ಎರಡು ಹೊಳೆನೂ ತಿರುಮಕೂಡಲಲ್ಲಿ ಸೇರಿ ತಲಕಾಡಿನ ಕಡೆ ಹರಿಯೋದು. ಇಲ್ಲಿ ಸುಡುಬಿಸಿಲು ಕಾಯ್ತಿರ್ತದೆ, ಅಲ್ಲಿ ಕೇರಳದ ವಯನಾಡಲ್ಲಿ ಮಳೆ ಹುಯ್ತಿರ್ತದೆ. ಕಬಿನಿಯ ಹೊಟ್ಟೆ ದೊಡ್ಡದಲ್ಲ, ಹಿಡಿಯೋದು 19.52 ಟಿಎಂಸಿ. ಕೆ.ಆರ್.ಎಸ್. ಹಿಡಿಯೋದು 49.45 ಟಿಎಂಸಿ. ಕಬಿನಿ ಬೇಗ ತುಂಬ್ತದೆ, ತುಂಬಿದ ಮೇಲೆ ಗೇಟು ತೆಗೀಲೇಬೇಕು.

ಪೇಪರಲ್ಲಿ "10,000 ಕ್ಯೂಸೆಕ್ ಬಿಡುಗಡೆ" ಅಂತ ಓದಿ ಪುಟ ತಿರುವಿ ಹಾಕ್ತೀವಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ನಮ್ಮ ಮನೆ ಮಾಳಿಗೆ ಮೇಲಿರೋದು 1,000 ಲೀಟರಿನ ಟ್ಯಾಂಕು. ಅಂಥ 280 ಟ್ಯಾಂಕಿನ ನೀರು ಒಂದು ಸೆಕೆಂಡಲ್ಲಿ ಹಾಯ್ದು ಹೋಯ್ತದೆ ಅಂತ ಲೆಕ್ಕ ಹಾಕ್ಕೊಳಿ. 2018, 2019, 2024ರ ಮಳೆಗಾಲದಲ್ಲಿ ಇದರ ಎಷ್ಟೋ ಪಟ್ಟು ನೀರು ಬಂದು ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದನ್ನ ನಾವೆಲ್ಲ ನೋಡಿದೀವಿ.

ಮಳೆಗಾಲದಲ್ಲಿ ಗೇಟಿನ ಭಯ ಆದ್ರೆ, ಬೇಸಿಗೇಲಿ ಗುಂಡಿಯ ಭಯ. ಮರಳು ಬಗೆದ ಕಡೆ ಆಳುದ್ದ ಗುಂಡಿ ಇರ್ತವೆ, ನೀರು ಮೇಲಿಂದ ಒಂದೇ ಸಮ ಕಾಣ್ತದೆ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ನೆಲವೇ ಇಲ್ಲ. ಒಬ್ಬ ಜಾರಿದ್ರೆ ಹಿಡಿಯೋಕೆ ಹೋದ ಇನ್ನಿಬ್ಬರೂ ಹೋಯ್ತಾರೆ. ಒಂದೇ ಮನೆಯ ಮೂರು ಮೂರು ಜನ ಹೋಗೋದು ಹಿಂಗೇನೆ. ಮುಳುಗೋರು ಸಿನಿಮಾದ ಹಂಗೆ ಕೂಗಾಡೋದೂ ಇಲ್ಲ. ಬಾಯೊಳಗೆ ನೀರು ಹೋದೋರು ಎಲ್ಲಿಂದ ಕೂಗಿಯಾರು?

ಇನ್ನು ಟೆಂಟಿನ ಶೋಕಿ. ಹೋದ ವರ್ಷ ನಮ್ಮ ನಾದಿನಿ ಮಗ ಸ್ನೇಹಿತರ ಜೊತೆ ಬಂದವನು "ಅತ್ತೆ, ರಾತ್ರಿ ಹೊಳೆ ನಡುವಿನ ಮರಳಲ್ಲೇ ಮಲಗ್ತೀವಿ, ಮೇಲೆ ನಕ್ಷತ್ರ ಕಾಣ್ತದೆ" ಅಂದ. "ನೀನು ಟೆಂಟ್ ಹಾಕೋ ಜಾಗ ದಡ ಅಲ್ಲ ಕಣಪ್ಪ, ಹೊಳೆ ಹಾಸಿಗೆ. ಸಂಜೆ ಗೇಟು ತೆಗೆದ್ರೆ ನಡುರಾತ್ರಿ ಅದು ತನ್ನ ಹಾಸಿಗೆ ಕೇಳ್ಕೊಂಡು ಬತ್ತದೆ" ಅಂದೆ. ಅವನು ಕೇಳಿದ ಪ್ರಶ್ನೆಗೆ ಮಾತ್ರ ನನ್ನತ್ರ ಉತ್ತರ ಇರಲಿಲ್ಲ: "ಹಂಗಾದ್ರೆ ಗೇಟು ತೆಗೀತಾರೆ ಅಂತ ನಮಗೆ ಹೇಳೋರು ಯಾರು?" ಹೊಳೆದಡದ ಹಳ್ಳಿಗಳಲ್ಲಿ ಮೈಕು ಕಟ್ಕೊಂಡು ಸಾರ್ತಾರೆ, ದನಕರು ಇಳಿಸ್ಬೇಡಿ ಅಂತಾರೆ. ಅದು ರೈತರಿಗೆ ಮುಟ್ತದೆ. ಕಾರಲ್ಲಿ ಬಂದು ಮರಳಲ್ಲಿ ಮಲಗಿದೋನಿಗೆ ಯಾವ ಮೈಕು ಕೇಳಿಸ್ತದೆ? ಅವನು ನಮ್ಮ ಮಾಳಿಗೆ ಮೇಲೆ ಮಲಗಿದ. ನಕ್ಷತ್ರ ಅಲ್ಲೂ ಇದ್ವು.

ಇದಕ್ಕೆ ಕೆಲವರು ಹೇಳೋ ಪರಿಹಾರ, ಎಲ್ಲಾ ಬಂದ್ ಮಾಡಿ ಅಂತ. ಬಂದ್ ಮಾಡಿದ್ರೆ ಏನಾಯ್ತದೆ? ಗೇಟು ಹಾಕಿದ ಕಡೆ ಬುಟ್ಟು ಒಂದು ಮೈಲಿ ಮುಂದೆ, ಯಾರೂ ಇಲ್ಲದ ಕಡೆ ಇಳೀತಾರೆ. ಅಲ್ಲಿ ಕೂಗಿದ್ರೂ ಕೇಳೋರಿರಲ್ಲ. ನಲವತ್ತು ಡಿಗ್ರಿ ಬಿಸಿಲಲ್ಲಿ ನೀರು ಕಂಡ ಮಕ್ಕಳಿಗೆ ಇಳೀಬ್ಯಾಡಿ ಅನ್ನೋದು ಕಾನೂನು ಅಲ್ಲ, ಆಸೆ.

ಇನ್ನು ಕೆಲವರದು ಇದಕ್ಕೆ ಉಲ್ಟಾ. ದೊಡ್ಡ ಪಾರ್ಕ್ ಮಾಡನ, ನೀರಾಟ ತರನ ಅನ್ನೋರು. ಕೆ.ಆರ್.ಎಸ್. ಬೃಂದಾವನವನ್ನ ಮೇಲ್ದರ್ಜೆಗೆ ಏರಿಸೋಕೆ 2024ರಲ್ಲಿ ಸಚಿವ ಸಂಪುಟ ಒಪ್ಪಿದ ಯೋಜನೆಯ ಮೊತ್ತ 2,600 ಕೋಟಿಗೂ ಮೇಲೆ. ಬೃಂದಾವನದ ಮೇಲೆ ನನಗೆ ಸಿಟ್ಟಿಲ್ಲ, ಮದುವೆಯಾದ ಹೊಸದ್ರಲ್ಲಿ ನಾನೂ ಕಾರಂಜಿ ನೋಡಿ ಬಾಯಿ ಬಿಟ್ಟಿದೀನಿ. ಆದ್ರೆ ಅದನ್ನ ಮಾಡಿಸಿದ ಮಿರ್ಜಾ ಇಸ್ಮಾಯಿಲರ ಕಾಲದೋರ ಬುದ್ಧಿ ನೋಡಿ. ತೋಟ ಇರೋದು ಅಣೆಕಟ್ಟಿನ ಕೆಳಗೆ. ಗೇಟು ಅದೆ, ಹೊತ್ತು ಅದೆ, ಕಾವಲು ಅದೆ. ಕುಡಿಯೋ ನೀರು ಒಂದು ಕಡೆ, ಆಡೋ ಜಾಗ ಒಂದು ಕಡೆ. ಸಾವಿರಾರು ಕೋಟಿ ಲೆಕ್ಕ ಹಾಕೋ ನಮಗೆ ಹೊಳೆದಡದಲ್ಲಿ ಇಬ್ಬರು ಕಾಯೋರ ಸಂಬಳ ಮಾತ್ರ ಯಾಕೆ ಭಾರ?

ಆಗಲ್ಲ ಅಂತ ಮಾತ್ರ ಹೇಳ್ಬೇಡಿ. ತಿರುಮಕೂಡಲು ಸಂಗಮದಲ್ಲಿ 1989ರಿಂದ ಕುಂಭಮೇಳ ನಡೀತಾ ಬಂದದೆ, 2025ರ ಫೆಬ್ರವರಿಯಲ್ಲೂ ಮೂರು ದಿನ ನಡೀತು. ಅಂಥ ಹೊತ್ತಲ್ಲಿ ನೀರಿಗೆ ಬ್ಯಾರಿಕೇಡ್ ಕಟ್ತಾರೆ, ದೋಣಿ ನಿಲ್ಲಿಸ್ತಾರೆ, ಈಜುಗಾರರನ್ನ ಕರೆಸ್ತಾರೆ, ಹೆಂಗಸರು ಬಟ್ಟೆ ಬದಲಾಯಿಸೋಕೆ ಮರೆ ಕಟ್ತಾರೆ. ಮೂರು ದಿನ ಆಗೋದು ಬೇಸಿಗೆಯ ಶನಿವಾರ, ಭಾನುವಾರ ಯಾಕಾಗಲ್ಲ? ಪುಣ್ಯಸ್ನಾನಕ್ಕೆ ಬಂದ ಜೀವಕ್ಕೆ ಒಂದು ಬೆಲೆ, ಪಿಕ್ನಿಕ್ಕಿಗೆ ಬಂದ ಜೀವಕ್ಕೆ ಇನ್ನೊಂದು ಬೆಲೆನಾ?

ಈಗ ಹೊಳೆದಡದಲ್ಲಿ ಕಾವಲು ಯಾರು ಗೊತ್ತಾ? ಮನೆ ಹೆಂಗಸರು. ಪುಳಿಯೋಗರೆ ಮೊಸರನ್ನ ಕಟ್ಕೊಂಡು ಹೋಗಿ, ಬ್ಯಾಗು ಚಪ್ಪಲಿ ಫೋನು ಎಲ್ಲಾ ಮಡಿಲಲ್ಲಿಟ್ಕೊಂಡು, ನೀರಲ್ಲಿರೋ ತಲೆ ಎಣಿಸ್ತಾ ಕೂರೋಳು ಅವಳೇ. ಒಂದು, ಎರಡು, ಮೂರು, ನಾಕನೇದು ಎಲ್ಲಿ ಹೋಯ್ತು ಅಂತ ಎದೆ ಡವಡವ ಅಂತಿರ್ತದೆ. ಅವಳಿಗೆ ಈಜು ಬರಲ್ಲ. ಕಾಲು ನೆನೆಸಿದ್ರೆ ಸೀರೆ ಬದಲಾಯಿಸೋಕೆ ಜಾಗ ಇಲ್ಲ, ಮೂತ್ರಕ್ಕೆ ಹೋಗ್ಬೇಕಾದ್ರೆ ಪೊದೆ ಹುಡುಕ್ಬೇಕು. ಸಂಬಳ ಇಲ್ಲದ, ಈಜು ಬಾರದ ಕಾವಲುಗಾತಿ. ಅದಕ್ಕೇ ಎಷ್ಟೋ ಹೆಂಗಸರು "ನೀವೆಲ್ಲ ಹೋಗ್ಬನ್ನಿ" ಅಂತ ಮನೇಲೇ ಉಳ್ಕೊಳ್ಳೋದು.

ನಾನು ಕೇಳೋದು ದೊಡ್ಡದೇನಲ್ಲ. ಜನ ಇಳಿಯೋ ಪ್ರತಿ ಜಾಗದಲ್ಲೂ ತೆಪ್ಪ ಹಾಕೋರು, ಮೀನು ಹಿಡಿಯೋರು ಅವ್ರೆ. ಗುಂಡಿ ಎಲ್ಲದೆ, ಸುಳಿ ಎಲ್ಲದೆ ಅವರಿಗೆ ಗೊತ್ತು. ಹೆಣ ತೆಗೆಯೋಕೆ ಅವರನ್ನೇ ಕರೀತೀರಲ್ಲ, ಅವರಿಗೇ ಸಂಬಳ ಕೊಟ್ಟು ಹೆಣ ಬೀಳದಂಗೆ ಕಾಯೋಕೆ ಕೂರಿಸಿ. ಗುಂಡಿ ಇಲ್ಲದ ಕಡೆ ನಾಕು ಗೂಟ ನೆಟ್ಟು ಹಗ್ಗ ಕಟ್ಟಿ, ಇಷ್ಟರೊಳಗೆ ಆಡಿ ಅನ್ನಿ. ಗೇಟು ತೆಗೆಯೋ ದಿನ ಆ ಜಾಗಕ್ಕೆ ಸೈರನ್ ಕೇಳ್ಬೇಕು, ಕೆಂಪು ಬಾವುಟ ಏರ್ಬೇಕು. ಟೆಂಟ್ ಹಾಕೋರಿಗೆ ಎತ್ತರದಲ್ಲಿ ಜಾಗ ತೋರಿಸಿ. ಒಂದು ಶೌಚಾಲಯ, ಒಂದು ಮರೆ ಕಟ್ಟಿ. ತೆಪ್ಪ ಹತ್ತೋ ಪ್ರತಿಯೊಬ್ಬರಿಗೂ ತೇಲೋ ಜಾಕೆಟ್ಟು ಹಾಕಿಸಿ.

ಮನೆಯೋರೂ ಒಂದು ಕೆಲಸ ಮಾಡ್ಬೇಕು. ನಮ್ಮ ಅಣ್ಣಂದಿರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಕೊಂಡು ಬಾವೀಲಿ ಈಜು ಕಲಿತ್ರು, ನಮಗೆ ಹೆಣ್ಮಕ್ಕಳಿಗೆ ಕಲಿಸಲಿಲ್ಲ. ಈಗ ಬಾವಿ ಬತ್ತಿದೆ, ಗಂಡುಮಕ್ಕಳಿಗೂ ಬರಲ್ಲ. ಟ್ಯೂಷನ್ನಿಗೆ ದುಡ್ಡು ಕಟ್ಟೋ ನಾವು ಒಂದು ಬೇಸಿಗೆ ಈಜಿಗೂ ಕಟ್ಟನ, ಹೆಣ್ಣುಮಗು ಆದ್ರೂ ಸರಿ. ಯಾರಾದ್ರೂ ಮುಳುಗ್ತಿದ್ರೆ ಹಾರ್ಬೇಡಿ, ಸೀರೆನೋ ಹಗ್ಗನೋ ಮುಚ್ಚಳ ಬಿಗಿದ ಖಾಲಿ ಕ್ಯಾನೋ ಎಸೀರಿ ಅಂತ ಮಕ್ಕಳಿಗೆ ಹೇಳ್ಕೊಡನ.

ನೀರಲ್ಲಿ ಮುಳುಗಿ ಸಾಯೋದನ್ನ ತಡೀಬೇಕು ಅಂತ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನ ಒಂದು ದಿನವಾಗಿ ಗೊತ್ತುಮಾಡ್ತು. ನಮ್ಮ ಡ್ಯಾಮುಗಳು ತುಂಬಿ ಗೇಟು ತೆಗೆಯೋ ತಿಂಗಳೂ ಹೆಚ್ಚಾಗಿ ಅದೇ. ಆ ದಿನ ಭಾಷಣ ಬ್ಯಾಡ, ಬೋರ್ಡಿಗೆ ಹೊಸ ಬಣ್ಣಾನೂ ಬ್ಯಾಡ. ಆ ದುಡ್ಡಲ್ಲಿ ಗಟ್ಟಿಯಾದ ಒಂದು ಹಗ್ಗ ತನ್ನಿ, ಅದನ್ನ ಎಸೆಯೋಕೆ ಬರೋ ಒಬ್ಬರನ್ನ ದಡದಲ್ಲಿ ಕೂರಿಸಿ.