ಹೊಳೆಯ ಕಯಾಕ್ ಕಡಲಿಗಿಳಿದರೆ ಲೆಕ್ಕ ಬೇರೆ

ಸಾಲಿಗ್ರಾಮದ ಪಾರಂಪಳ್ಳಿ ಹಿನ್ನೀರಲ್ಲಿ ಕಯಾಕ್ ಅಂದ್ರೆ ಕಾಂಡ್ಲಾ ನೋಡೋ ಪ್ರವಾಸ. ಅದರಲ್ಲೇ ಗಾಳ ಹಿಡಿದು ಕಡಲಿಗೆ ಹೋಗೋದು ಬೇರೆ ಮಾತು.

ಎಂಜಿನ್ ಇಲ್ಲ, ಡೀಸೆಲ್ ಖರ್ಚಿಲ್ಲ. ಹುಡುಗರಿಗೆ ಆಸೆ ಸಹಜ. ಆದರೆ ಮೊದಲ ಅಪಾಯ ಇರೋದು ಆಳದಲ್ಲಲ್ಲ, ದಡದ ಹತ್ತಿರ ಅಲೆ ಒಡೆಯುವಲ್ಲಿ. ಅಲೆಗೆ ಅಡ್ಡ ಸಿಕ್ಕರೆ ಕಯಾಕ್ ಮಗುಚುತ್ತದೆ. ಬೆಳಿಗ್ಗೆ ನೆಲದಿಂದ ಬೀಸುವ ಗಾಳಿ ಹೋಗುವಾಗ ಸಲೀಸು. ಅದು ತಿರುಗುವ ಮುಂಚೆ ವಾಪಸ್ ಹೊರಟರೆ ಎದುರು ಗಾಳಿ. ಇಳಿತದ ಹೊತ್ತಲ್ಲಿ ಅಳಿವೆ ಬಾಗಿಲ ನೀರು ಹೊರಗೆಳೆಯುತ್ತೆ, ಹುಟ್ಟು ಸಾಲಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಯಾಕ್ ಇಳಿಸಿದರೆ ನೆರವಿಗೆ ಬರೋಕೆ ಆ ಬೋಟುಗಳೂ ಕಡಲಲ್ಲಿ ಇರಲ್ಲ.

ಗಾಳ ಮಾರುವ ಅಂಗಡಿಯವರು ಲೈಫ್ ಜಾಕೆಟ್ ಇದೆಯಾ ಅಂತ ಒಂದು ಮಾತು ಕೇಳಿದರೂ ಸಾಕು, ಒಂದು ಜೀವ ಉಳಿದೀತು.