ವಯಸ್ಸಿನ ಪುರಾವೆ ಮಕ್ಕಳನ್ನೇಕೆ ಕೇಳಬೇಕು?

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್ ಸೇರಿ ಹತ್ತು ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಕಾನೂನು ಮುರಿದರೆ ದಂಡ ತೆರಬೇಕಾದವರು ಮಕ್ಕಳಲ್ಲ, ಹೆತ್ತವರೂ ಅಲ್ಲ, ಕಂಪನಿಗಳು. ದಂಡ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ, ನಮ್ಮ ಲೆಕ್ಕದಲ್ಲಿ ಇನ್ನೂರೈವತ್ತು ಕೋಟಿ ರೂಪಾಯಿಗೂ ಮಿಗಿಲು. ಸುಮಾರು 47 ಲಕ್ಷ ಖಾತೆಗಳಿಗೆ ಬೀಗ ಬಿದ್ದಿದೆ ಎಂದು ಮರು ತಿಂಗಳೇ ಅಲ್ಲಿನ ಸರ್ಕಾರ ಹೇಳಿತು. ನಮ್ಮಲ್ಲೂ ಅಂಥದ್ದೊಂದು ಕಾನೂನು ಬರಲಿ ಎನ್ನುವವರು ಹೆಚ್ಚುತ್ತಿದ್ದಾರೆ. ನಮ್ಮ ಕರ್ನಾಟಕ ಹೈಕೋರ್ಟ್ 2023ರಲ್ಲೇ, ಎಕ್ಸ್ ಕಂಪನಿಯ ಮೇಲ್ಮನವಿಯ ವಿಚಾರಣೆ ವೇಳೆ, ಮದ್ಯಕ್ಕೆ ಇರುವಂತೆ ಜಾಲತಾಣಕ್ಕೂ ಒಂದು ವಯಸ್ಸಿನ ಮಿತಿ ಇದ್ದರೆ ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತ್ತು.

ನಾನು ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು. ರೀಚಾರ್ಜ್, ಹೊಸ ಸಿಮ್, ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಸೆಕೆಂಡ್ ಹ್ಯಾಂಡ್ ಸೆಟ್ಟು – ಇದೇ ನನ್ನ ಅನ್ನ. ನಿಷೇಧ ಕೇಳುವ ತಾಯಂದಿರ ಸಂಕಟ ನನಗೆ ಚೆನ್ನಾಗಿ ಗೊತ್ತು. 'ಕ್ಲಾಸಲ್ಲಿ ಎಲ್ಲರ ಹತ್ರನೂ ಇದೆ' ಎಂಬ ಮಕ್ಕಳ ಮಾತಿಗೆ ಒಂದು ಮನೆ ಒಂಟಿಯಾಗಿ ಉತ್ತರ ಕೊಡಲಾಗದು. ಕಾನೂನು ಇದ್ದರೆ 'ಯಾರಿಗೂ ಇಲ್ಲ, ನಿನಗೂ ಇಲ್ಲ' ಎನ್ನಬಹುದು. ಆ ಬಲ ಸಣ್ಣದಲ್ಲ. ಆದರೂ ಆಸ್ಟ್ರೇಲಿಯಾದ ಕಾನೂನನ್ನು ಹಾಗೇ ಎತ್ತಿ ತಂದು ಇಲ್ಲಿ ನೆಟ್ಟರೆ ಅದು ಬೇರು ಬಿಡುವುದಿಲ್ಲ. ಅಲ್ಲಿನ ಕಾನೂನು ನಿಂತಿರುವುದು ಖಾತೆಯ ಮೇಲೆ. ನಮ್ಮ ಮನೆಗಳಲ್ಲಿ ಖಾತೆ ಯಾರದು, ಫೋನು ಯಾರದು ಎಂಬುದೇ ಬಗೆಹರಿದಿಲ್ಲ.

ಈಚೆಗೆ ಒಬ್ಬ ತಾಯಿ ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದರು. ಫೋನನ್ನು ಕೌಂಟರ್ ಮೇಲಿಟ್ಟು, "ಅಣ್ಣಾ, ಇದ್ರಲ್ಲಿರೋ ಇನ್‌ಸ್ಟಾ ತೆಗ್ದಾಕಿ. ರಾತ್ರಿ ಹನ್ನೆರಡಾದ್ರೂ ಕೆಳಗಿಡಲ್ಲ ಇವ್ಳು" ಅಂದರು. ತೆರೆದು ನೋಡಿದೆ. ಸಿಮ್ ತಂದೆಯದು. ಜಿಮೇಲ್ ಫೋನು ಕೊಡಿಸಿದ ಸೋದರಮಾವನ ಹೆಸರಲ್ಲಿ. ವಾಟ್ಸ್‌ಆ್ಯಪ್ ತಾಯಿಯದು, ಫೋನ್‌ಪೇ ತಂದೆಯ ಬ್ಯಾಂಕಿನದು. ಯೂಟ್ಯೂಬ್‌ನಲ್ಲಿ ಅಜ್ಜಿಯ ಭಜನೆ, ತಮ್ಮನ ಕಾರ್ಟೂನು, ಇವಳ ಶಾರ್ಟ್ಸ್ ಎಲ್ಲ ಒಂದೇ ಸಾಲಿನಲ್ಲಿ. ಇನ್‌ಸ್ಟಾದಲ್ಲಿ ಎರಡು ಖಾತೆ: ಒಂದು ಇವಳದು, ಇನ್ನೊಂದು ಪಿಯುಸಿ ಓದುವ ಅಣ್ಣನದು. ಅಕೌಂಟ್ಸ್ ಸೆಂಟರ್‌ಗೆ ಹೋಗಿ ಹುಟ್ಟಿದ ದಿನಾಂಕ ನೋಡಿದರೆ, ಇವಳ ಖಾತೆಯಲ್ಲಿ 1998 ಅಂತಿತ್ತು. "ಯಾಕೆ ಪುಟ್ಟಿ, ತೊಂಬತ್ತೆಂಟು?" ಅಂದೆ. "ತಿರುಗ್ಸಿದ್ದಕ್ಕೆ ಎಲ್ಲಿ ನಿಂತ್ಕೊಳ್ತೋ ಅದು" ಅಂದಳು. ಖಾತೆ ತೆಗೆದದ್ದಾಯಿತು. ಆದರೆ ಅಣ್ಣನ ಖಾತೆ ಅದೇ ಫೋನಿನಲ್ಲಿ ಉಳಿಯಿತು, ಯೂಟ್ಯೂಬ್ ಶಾರ್ಟ್ಸೂ ಉಳಿಯಿತು.

ಇದು ಒಂದು ಮನೆಯ ಕಥೆಯಲ್ಲ. ಹಳ್ಳಿಗಾಡಿನ ಮಕ್ಕಳ ಕುರಿತ 2024ರ ಅಸರ್ ವರದಿ ಹೇಳುವಂತೆ, 14ರಿಂದ 16ರ ವಯಸ್ಸಿನವರಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು 76. ಆದರೆ ಬಳಸಲು ಬರುವ ಹುಡುಗರಲ್ಲಿ ಸ್ವಂತ ಫೋನು ಇರುವವರು ನೂರಕ್ಕೆ 36, ಹುಡುಗಿಯರಲ್ಲಿ 27. ಮಿಕ್ಕವರೆಲ್ಲ ಅಪ್ಪನದೋ ಅಮ್ಮನದೋ ಅಣ್ಣನದೋ ಫೋನು ಹಿಡಿದವರು. ಖಾತೆ ಮುಚ್ಚುವ ಕಾನೂನು ಇವರನ್ನು ಮುಟ್ಟುವುದು ಹೇಗೆ? ಆಸ್ಟ್ರೇಲಿಯಾದಲ್ಲೂ ಲಾಗಿನ್ ಆಗದೆ ಯೂಟ್ಯೂಬ್ ನೋಡಲು ಅಡ್ಡಿಯಿಲ್ಲ. ಹೈಕೋರ್ಟ್ ಹೋಲಿಸಿದ ಮದ್ಯದ ಮಾತೇ ತೆಗೆದುಕೊಳ್ಳಿ: ಮದ್ಯದಂಗಡಿಯಲ್ಲಿ ಗಿರಾಕಿ ಎದುರಿಗೇ ನಿಂತಿರುತ್ತಾನೆ, ಮುಖ ನೋಡಿ ಇಲ್ಲ ಎನ್ನಬಹುದು. ಜಾಲತಾಣದಲ್ಲಿ ಕಂಪನಿಗೆ ಕಾಣುವುದು ಫೋನ್ ನಂಬರು ಮಾತ್ರ, ಅದೂ ಅಪ್ಪನದು.

ಹೆತ್ತವರ ಒಪ್ಪಿಗೆ ಕಡ್ಡಾಯ ಮಾಡಿದರಾಯಿತಲ್ಲ ಎನ್ನುತ್ತಾರೆ. ಆ ಕಾನೂನು ನಮ್ಮಲ್ಲಿ ಈಗಾಗಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನ ಪ್ರಕಾರ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು; ಅವರ ಜಾಡು ಹಿಡಿಯುವಂತಿಲ್ಲ, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕಾಯ್ದೆ ಒಳ್ಳೆಯದೇ. ಆದರೆ ಒಪ್ಪಿಗೆ ಎಂಬುದು ನಮ್ಮೂರಲ್ಲಿ ನಡೆಯುವ ರೀತಿ ನೋಡಿ. ಅಮ್ಮನ ಫೋನಿಗೆ ಒಟಿಪಿ ಬರುತ್ತದೆ, ಅಮ್ಮ ಫೋನನ್ನು ಮಗನ ಕೈಗೆ ಕೊಟ್ಟು 'ಏನೋ ಬಂತು ನೋಡೋ' ಅನ್ನುತ್ತಾಳೆ. ಮಗನೇ ಓದುತ್ತಾನೆ, ಮಗನೇ ಒತ್ತುತ್ತಾನೆ. ಮನೆಯ ಗ್ಯಾಸ್ ಬುಕಿಂಗ್‌ನಿಂದ ಹಿಡಿದು ಪಡಿತರ ಚೀಟಿಯ ಕೆವೈಸಿವರೆಗೆ ಒಟಿಪಿ ಖಾತೆ ನೋಡಿಕೊಳ್ಳುವ ಮಂತ್ರಿ ಅವನೇ. ಮಗುವಿನ ಫೋನನ್ನು ಹೆತ್ತವರ ಫೋನಿನಿಂದಲೇ ಕಾಯುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿಕೊಡಿ ಎಂದು ಓದಿದವರು ಕೇಳುತ್ತಾರೆ. ಮಗುವಿಗೆ ಒಂದು, ಹೆತ್ತವರಿಗೆ ಒಂದು ಫೋನು ಇರುವ ಮನೆಗೆ ಅದು ಸರಿ. ಇರುವ ಒಂದೇ ಫೋನನ್ನು ಸರದಿಯಲ್ಲಿ ನೋಡುವ ಮನೆಗೆ ಅದರಿಂದ ಉಪಯೋಗವಿಲ್ಲ.

ನಿಷೇಧದ ರುಚಿಯನ್ನು ನಾವು ಆಸ್ಟ್ರೇಲಿಯಾಕ್ಕಿಂತ ಮೊದಲೇ ನೋಡಿದ್ದೇವೆ. ಕೇಂದ್ರ ಸರ್ಕಾರ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಲ್ಲಿಸಿತು. ಕಾರಣ ಬೇರೆ, ಅದು ದೇಶದ ಭದ್ರತೆಯ ಮಾತು. ಆದರೆ ಮರು ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರುಮಾಡಿತು. ಅದೇ ಕುಣಿತ, ಅದೇ ಹಾಡು, ಅದೇ ಮಕ್ಕಳು. ಹೆಬ್ಬೆರಳು ಮೇಲಕ್ಕೆ ತಳ್ಳುವ ರೀತಿಯೂ ಅದೇ. ಆ್ಯಪಿನ ಹೆಸರು ಹೋಯಿತು, ಯಂತ್ರ ಉಳಿಯಿತು.

ಇನ್ನು ಹುಡುಗಿಯರ ಮಾತು. 'ಸರ್ಕಾರವೇ ಬೇಡ ಅಂದಿದೆ' ಎಂಬ ಒಂದು ಮಾತು ಸಿಕ್ಕರೆ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲು ಫೋನು ಕಿತ್ತುಕೊಳ್ಳುವುದು ಮಗಳಿಂದ. ರೀಲ್ಸ್ ಜೊತೆಗೆ ಟ್ಯೂಷನ್ ವಿಡಿಯೊ, ವಿದ್ಯಾರ್ಥಿವೇತನದ ಅರ್ಜಿಯೂ ಹೋಗುತ್ತವೆ. ಮಗನ ಫೋನು ಅವನ ಜೇಬಿನಲ್ಲೇ ಇರುತ್ತದೆ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಖಂಡಿತ ಬೇಡ. ಕಂಪನಿಗಳ ಕೈಯಲ್ಲಿ ಸ್ವಿಚ್ ಇದೆ. ಇನ್‌ಸ್ಟಾಗ್ರಾಂ 2024ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದವರಿಗೆಂದು 'ಟೀನ್ ಅಕೌಂಟ್' ತಂದಿತು, 2025ರಲ್ಲಿ ಅದು ಇಲ್ಲಿಗೂ ಬಂತು. ಅದರಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಅಪರಿಚಿತರು ಮೆಸೇಜ್ ಕಳಿಸಲಾಗದು. ಒಂದು ಗಂಟೆಯಾದರೆ ಸಾಕು ಏಳು ಎನ್ನುತ್ತದೆ. ಇಷ್ಟೆಲ್ಲ ಮಾಡಲು ಬರುತ್ತದೆ ಎಂದಾಯಿತು. ಆದರೆ ಇದೆಲ್ಲ ಸಿಗುವುದು ನಿಜವಾದ ವಯಸ್ಸು ಹೇಳಿದ ಮಗುವಿಗೆ. ತೊಂಬತ್ತೆಂಟಕ್ಕೆ ತಿರುಗಿಸಿದ ಪುಟ್ಟಿ ಕಂಪನಿಯ ಪಾಲಿಗೆ ದೊಡ್ಡವಳು. ಸುಳ್ಳು ಹೇಳಿದವರನ್ನು ಹುಡುಕುತ್ತೇವೆ ಎಂದು ಕಂಪನಿಗಳು ಹೇಳುತ್ತವೆ. ನನ್ನ ಕೌಂಟರಿಗೆ ಬರುವ ಫೋನುಗಳಲ್ಲಿ ಮಾತ್ರ ತೊಂಬತ್ತೆಂಟರ ಮಕ್ಕಳು ಆರಾಮಾಗಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇದು: ಲೆಕ್ಕ ತಿರುವುಮುರುವಾಗಲಿ. ಪ್ರತಿ ಖಾತೆಯನ್ನೂ ಮಗುವಿನ ಖಾತೆ ಎಂದೇ ಶುರುಮಾಡಲಿ. ರಾತ್ರಿ ಸದ್ದಿಲ್ಲ, ಒಂದು ವಿಡಿಯೊ ಮುಗಿದರೆ ಇನ್ನೊಂದು ತಾನಾಗಿ ಓಡುವುದಿಲ್ಲ, ಗುರುತಿಲ್ಲದವರ ಮೆಸೇಜ್ ಇಲ್ಲ, ಫಾಲೋ ಮಾಡಿದವರ ಪೋಸ್ಟ್ ಮುಗಿದ ಮೇಲೆ ಪುಟವೂ ಮುಗಿಯುತ್ತದೆ. ಇದು ಸಾಲದು ಎನ್ನುವ ದೊಡ್ಡವರು ತಮ್ಮ ವಯಸ್ಸಿನ ಪುರಾವೆ ತಾವು ಕೊಡಲಿ. ಹೆತ್ತವರ ವಯಸ್ಸನ್ನು ಡಿಜಿಲಾಕರ್‌ನಂಥ ವ್ಯವಸ್ಥೆಯ ಟೋಕನ್ ಮೂಲಕ ಖಚಿತಪಡಿಸಿಕೊಳ್ಳಲು ದತ್ತಾಂಶ ನಿಯಮಗಳಲ್ಲಿ ಅವಕಾಶವಿದೆ. ಅದನ್ನೇ ಇಲ್ಲೂ ಬಳಸಬಹುದು, ಆಧಾರ್ ನಕಲನ್ನು ಕಂಪನಿಗೆ ಕೊಡಬೇಕಿಲ್ಲ. ಪುರಾವೆ ಕೊಟ್ಟವರಿಗೂ ಒಂದು ಪಿನ್ ಇರಲಿ, ಯುಪಿಐಯಲ್ಲಿ ಕೇಳುವಂತೆ ಪ್ರತಿ ಸಲ ಕೇಳಲಿ. ಫೋನಿನ ಪ್ಯಾಟರ್ನ್ ಲಾಕ್ ಮನೆಮಂದಿಗೆಲ್ಲ ಗೊತ್ತು. ಯುಪಿಐ ಪಿನ್ ಒತ್ತುವಾಗ ಮಾತ್ರ ಅಪ್ಪ ಆ ಕಡೆ ತಿರುಗುತ್ತಾನೆ.

ಪಿನ್ ತಿಳಿದುಕೊಳ್ಳುವ ಮಕ್ಕಳು ಇರುತ್ತಾರೆ, ನಿಜ. ಆದರೆ ಇಂದು ತಪ್ಪಿಸಿಕೊಳ್ಳಲು ಹುಟ್ಟಿದ ವರ್ಷವನ್ನು ಒಮ್ಮೆ ತಿರುಗಿಸಿದರೆ ಸಾಕು. ಪಿನ್ ಬಂದರೆ ದಿನವೂ ದೊಡ್ಡವರ ಕಣ್ಣು ತಪ್ಪಿಸಬೇಕು. ಸಣ್ಣ ವ್ಯಾಪಾರಿಗಳಿಗೆ ಪೆಟ್ಟು ಬೀಳುತ್ತದೆ, ಅದೂ ನಿಜ. ರೀಲ್ಸ್ ನೋಡಿ ಸೀರೆ, ಕೊಬ್ಬರಿ ಮಿಠಾಯಿ ಕೊಳ್ಳುವವರಿದ್ದಾರೆ. ನನ್ನ ಅಂಗಡಿಯ ದೀಪಾವಳಿ ಆಫರ್ ಕೂಡ ಊರಿಗೆ ಹಬ್ಬುವುದು ಅಲ್ಲೇ. ಆ ನಷ್ಟ ನಾನು ತಡೆದುಕೊಳ್ಳುತ್ತೇನೆ. ಎಂಟನೇ ಕ್ಲಾಸಿನವರ ನಿದ್ದೆಗೆಡಿಸಿ ಬರುವ ಗಿರಾಕಿ ನನಗೆ ಬೇಡ.

ಇದನ್ನು ಮಾಡಬೇಕಾದದ್ದು ದೆಹಲಿ. ದೂರಸಂಪರ್ಕವೂ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಕೇಂದ್ರದ ಕೈಯಲ್ಲಿವೆ. ರಾಜ್ಯ ನಿಷೇಧ ಸಾರಿದರೂ ಅದನ್ನು ಕಂಪನಿಯ ಮೇಲೆ ಹೇರುವುದು ಕಷ್ಟ, ಕೊನೆಗೆ ಅದು ಶಾಲೆಯ ಮೇಷ್ಟರ ತಲೆಗೆ ಬರುತ್ತದೆ. ರಾಜ್ಯಕ್ಕೆ ತನ್ನದೇ ಕೆಲಸವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಶಾಲೆ ಬಿಟ್ಟ ಮೇಲೂ, ಸಂಜೆ ಏಳರವರೆಗೆ, ಅವುಗಳ ಬಾಗಿಲು ತೆರೆದಿರಲಿ. ಫೋನು ಕಿತ್ತುಕೊಂಡ ಕೈಗೆ ಕೊಡಲು ಏನಾದರೂ ಬೇಕಲ್ಲ.

ಅಲ್ಲಿಯವರೆಗೆ ಹೆತ್ತವರು ಆ್ಯಪ್ ತೆಗೆಸಲು ನನ್ನ ಅಂಗಡಿಗೆ ಬರುತ್ತಲೇ ಇರುತ್ತಾರೆ, ಮಕ್ಕಳು ಮನೆಗೆ ಹೋಗಿ ಹಾಕಿಕೊಳ್ಳುತ್ತಲೇ ಇರುತ್ತಾರೆ. ಆ್ಯಪ್ ತೆಗೆದದ್ದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಕಿಸಿ ದುಡ್ಡು ಮಾಡುತ್ತಿರುವವರನ್ನು ಸರ್ಕಾರ ಕೇಳಲಿ.