ಪತ್ತೇದಾರನ ಎದುರು ಒಬ್ಬನೇ ಪ್ರೇಕ್ಷಕ

ಪ್ರೇಕ್ಷಕನನ್ನು ನಾಟಕದ ಆವರಣದೊಳಗೇ ನಡೆದಾಡಿಸುವ ಇಮ್ಮರ್ಸಿವ್ ರಂಗಭೂಮಿಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಪ್ರೇಕ್ಷಕನ ಸ್ವಾತಂತ್ರ್ಯವನ್ನು ಕೊಂಡಾಡುವುದರಲ್ಲೇ ಮುಗಿಯುತ್ತವೆ. ನಟನ ಪಾಡು ಅಲ್ಲಿ ಮುಖ್ಯವಾಗುವುದು ಕಡಿಮೆ. ನುವಾರ್ ಮಾದರಿಯ ಪತ್ತೇದಾರನ ಪಾತ್ರವನ್ನು ಗಮನಿಸಿದರೆ ಈ ಕೊರತೆ ಎದ್ದುಕಾಣುತ್ತದೆ.

ರೇಮಂಡ್ ಚಾಂಡ್ಲರನ 'ದಿ ಬಿಗ್ ಸ್ಲೀಪ್' (1939) ಕಾದಂಬರಿಯ ಫಿಲಿಪ್ ಮಾರ್ಲೋ ತನ್ನ ಕಥೆಯನ್ನು ತಾನೇ ನಿರೂಪಿಸುತ್ತಾನೆ. ಇತರರೊಡನೆ ಅವನು ಆಡುವ ಮಾತು ಚುಟುಕು, ಒರಟು. ಓದುಗನಿಗೆ ಹೇಳಿಕೊಳ್ಳುವ ಮಾತೇ ಬೇರೆ. ದಣಿವು, ಅನುಮಾನ, ಅನುಕಂಪಗಳೆಲ್ಲ ಈ ಎರಡನೆಯದರಲ್ಲಿವೆ. ನುವಾರ್ ಚಲನಚಿತ್ರಗಳು ಹಲವೆಡೆ ಇಂಥ ಮಾತನ್ನು ಹಿನ್ನೆಲೆ ಧ್ವನಿಯಾಗಿಸಿದವು. ರಾಬರ್ಟ್ ಮಾಂಟ್ಗೊಮರಿ 1947ರ 'ಲೇಡಿ ಇನ್ ದಿ ಲೇಕ್' ಚಿತ್ರದಲ್ಲಿ ಇನ್ನೂ ಮುಂದೆ ಹೋಗಿ ಕ್ಯಾಮೆರಾವನ್ನೇ ಮಾರ್ಲೋನ ಕಣ್ಣಾಗಿಸಿದ. ನೇರವಾಗಿ ಪ್ರೇಕ್ಷಕರೊಡನೆ ಮಾತನಾಡುವ ಕೆಲವು ದೃಶ್ಯಗಳನ್ನು ಬಿಟ್ಟರೆ ಪತ್ತೇದಾರನ ಮುಖ ಕಾಣುವುದು ಕನ್ನಡಿಯಲ್ಲಿ. ಪ್ರಯೋಗ ಜಾಣತನದ್ದೇ, ಆದರೆ ನೋಡುವವನು ಕಾಣದಿದ್ದಾಗ ನೋಟವೂ ಸೊರಗುತ್ತದೆ.

ಒಬ್ಬನೇ ಪ್ರೇಕ್ಷಕನಿರುವ ಕೋಣೆಯಲ್ಲಿ ಸ್ವಗತ ಸ್ವಗತವಾಗಿ ಉಳಿಯಲಾರದು. ಮೇಜಿನಾಚೆ ಕುಳಿತವನು ಕಕ್ಷಿದಾರನೋ ಸಾಕ್ಷಿಯೋ ಆರೋಪಿಯೋ ಆಗಲೇಬೇಕು. ಹ್ಯಾಟು, ಮಳೆಯಂಗಿ, ಕಿಟಕಿಪಟ್ಟಿಗಳ ನೆರಳು ಇವೆಲ್ಲ ಆಹಾರ್ಯ ಮಾತ್ರ. ಮೊಳದೂರದಲ್ಲಿ ಅವು ನಟನನ್ನು ಕಾಪಾಡುವುದಿಲ್ಲ. ಅಲ್ಲಿ ಉಳಿಯುವುದು ಸಾತ್ತ್ವಿಕವೊಂದೇ, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವ ಶಕ್ತಿ. ಪ್ರೇಕ್ಷಕನ ಉತ್ತರವನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅವನು ತೊದಲಿದರೂ ನಕ್ಕರೂ ಸುಮ್ಮನಿದ್ದರೂ ಅದನ್ನು ಪ್ರಕರಣದ ಸುಳಿವಾಗಿ ಸ್ವೀಕರಿಸುವುದೇ ನಟನ ಕೆಲಸ. ಪ್ರಶ್ನಿಸುವುದೇ ಪಾತ್ರದ ವೃತ್ತಿಯಾದ್ದರಿಂದ ಪ್ರೇಕ್ಷಕನೂ ಅಭಿನಯಿಸುವ ಸಂಕೋಚವಿಲ್ಲದೆ ಮಾತಿಗೆ ಇಳಿಯಬಲ್ಲ.

ಆದರೆ ಈ ಸಾಮೀಪ್ಯ ಒಮ್ಮುಖವಾದುದಲ್ಲ. ಬ್ರಿಟನ್ನಿನ ಪಂಚ್‌ಡ್ರಂಕ್ ತಂಡದ 'ಸ್ಲೀಪ್ ನೋ ಮೋರ್' ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಅನ್ನು ನುವಾರ್ ಲೋಕದಲ್ಲಿರಿಸಿ ನ್ಯೂಯಾರ್ಕಿನಲ್ಲಿ 2011ರಿಂದ 2025ರವರೆಗೆ ನಡೆಯಿತು. ಮುಖವಾಡ ಧರಿಸಿದ ಪ್ರೇಕ್ಷಕರು ಮೌನವಾಗಿ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದರು. ಕೆಲವೊಮ್ಮೆ ನಟರು ಒಬ್ಬರನ್ನಷ್ಟೇ ಒಳಗೆ ಕರೆದೊಯ್ಯುತ್ತಿದ್ದರು. ಪ್ರೇಕ್ಷಕರು ತಮ್ಮನ್ನು ಅನುಚಿತವಾಗಿ ಮುಟ್ಟಿದ್ದನ್ನು ಇದರ ಕೆಲವು ಮಾಜಿ ಕಲಾವಿದರು ಹೇಳಿಕೊಂಡದ್ದು 2018ರಲ್ಲಿ ವರದಿಯಾಯಿತು. ಇದನ್ನು ಕೆಲವು ವ್ಯಕ್ತಿಗಳ ದುರ್ನಡತೆಯೆಂದಷ್ಟೇ ಪರಿಗಣಿಸುವುದು ಸರಿಯಲ್ಲ. ತಾನು ಗುರುತಾಗದೆ ಇತರರನ್ನು ನೋಡುವ ಪತ್ತೇದಾರನ ಸವಲತ್ತನ್ನು ಮುಖವಾಡ ಪ್ರೇಕ್ಷಕನಿಗೆ ಕೊಡುತ್ತದೆ. ಪತ್ತೇದಾರನ ಹೊಣೆಯನ್ನು ಕೊಡುವುದಿಲ್ಲ. ಮಾರ್ಲೋ ತಾನು ಕಂಡದ್ದಕ್ಕೆ ಬೆಲೆ ತೆರುತ್ತಾನೆ, ಮುಖವಾಡದವನು ಮನೆಗೆ ಹೋಗುತ್ತಾನೆ.

ಹೀಗಿರುವಾಗ ದೃಶ್ಯವನ್ನು ಅರ್ಧಕ್ಕೇ ನಿಲ್ಲಿಸುವ ಅಧಿಕಾರ ನಟನಿಗಿರಬೇಕಾದುದು ಆಡಳಿತದ ವಿಷಯವಲ್ಲ, ನಿರ್ದೇಶನದ ವಿಷಯ. ಬಾಗಿಲಿನ ಬಳಿಯ ಕುರ್ಚಿ ಯಾರದು, ಮುಟ್ಟಬಹುದೇ ಎಂಬುದನ್ನು ಪ್ರೇಕ್ಷಕನಿಗೆ ಯಾವಾಗ ತಿಳಿಸಬೇಕು, ನೆರವಿಗೆ ಕರೆಯುವ ಸಂಕೇತ ಯಾವುದು ಎಂಬುದೆಲ್ಲ ತಾಲೀಮಿನಲ್ಲಿ, ಮಾತುಗಳನ್ನು ಬಾಯಿಪಾಠ ಮಾಡುವ ಮೊದಲೇ ತೀರ್ಮಾನವಾಗಬೇಕು.